ಬೆಳಗ್ಗೆ ಒಂದು ಸ್ಪೀಡ್, ಮಧ್ಯಾಹ್ನ ಇನ್ನೊಂದು: ಹೈಡ್ರಾಲಿಕ್ ಪ್ರೆಸ್ ಇರುವವರಿಗೆ

ಪೀಣ್ಯ ಕಡೆ ಪ್ರೆಸ್ ಓಡಿಸುವವರೇ, ಬೆಳಗ್ಗೆ ಸರಿಯಾಗಿ ನಿಲ್ಲುವ ಸಿಲಿಂಡರ್ ಮಧ್ಯಾಹ್ನ ಬೇರೆ ಕಡೆ ನಿಂತರೆ ಸುಮ್ನೆ ಕಂಟ್ರೋಲ್ ಕಾರ್ಡಿಗೆ ಕೈ ಹಾಕಬೇಡಿ. ಮೊದಲು ಟ್ಯಾಂಕಿನ ಎಣ್ಣೆ ಎಷ್ಟು ಬಿಸಿ ಅಂತ ನೋಡಿ. 46 ಗ್ರೇಡ್ ಎಣ್ಣೆ ಅಂದರೆ 40 ಡಿಗ್ರಿಯಲ್ಲಿ ಮಾತ್ರ 46 ಸೆಂಟಿಸ್ಟೋಕ್ (ಎಣ್ಣೆ ಎಷ್ಟು ಮಂದ ಅನ್ನುವ ಅಳತೆ). ಡಿಸೆಂಬರ್ ಬೆಳಗಿನ 15 ಡಿಗ್ರಿಗೆ ಅದು ಮೂರು ಪಟ್ಟಿಗಿಂತ ಜಾಸ್ತಿ ಮಂದ, 60 ದಾಟಿದರೆ ಅರ್ಧಕ್ಕಿಂತ ತೆಳು. ತೆಳುವಾದರೆ ಪಂಪು, ವಾಲ್ವಿನ ಒಳಗೇ ಸೋರಿ ಲೋಡ್ ಬಿದ್ದಾಗ ಸ್ಪೀಡ್ ಇಳಿಯುತ್ತದೆ.

ಶಿಫ್ಟ್ ಶುರುವಿನಲ್ಲಿ ಲೋಡ್ ಇಲ್ಲದೆ ಓಡಿಸಿ. ಪಂಪು ಕಿರುಚುತ್ತಿದ್ದರೆ ಎಣ್ಣೆ ಇನ್ನೂ ಸರಾಗವಾಗಿ ಒಳಗೆ ಹೋಗುತ್ತಿಲ್ಲ ಅಂತ, ಆಗ ಪ್ರೆಶರ್ ಏರಿಸಲೇಬೇಡಿ. ಸ್ಪೀಡ್ ಸೆಟ್ಟಿಂಗ್ ಏನಿದ್ದರೂ 40-45 ಡಿಗ್ರಿ ಬಂದ ಮೇಲೆ ಮಾಡಿ.

ಇನ್ನು ವಿಪರೀತ ಬಿಸಿಯಾಗುತ್ತಿದ್ದರೆ ಎರಡೇ ಕಡೆ ನನಗೆ ಅನುಮಾನ. ಒಂದು, ಕೆಲಸವಿಲ್ಲದ ಹೊತ್ತಲ್ಲೂ ಫುಲ್ ಪ್ರೆಶರಿನಲ್ಲಿ ಎಣ್ಣೆ ರಿಲೀಫ್ ವಾಲ್ವ್ (ಪ್ರೆಶರ್ ಮಿತಿ ಮೀರದಂತೆ ನೋಡುವ ವಾಲ್ವ್) ಮೂಲಕ ಟ್ಯಾಂಕಿಗೆ ವಾಪಸ್ ಹೋಗುತ್ತಿರುತ್ತದೆ. ಆ ಕರೆಂಟೆಲ್ಲ ಬರೀ ಶಾಖ. ಅನ್‌ಲೋಡಿಂಗ್ ವಾಲ್ವ್ (ಕೆಲಸವಿಲ್ಲದಾಗ ಎಣ್ಣೆಯನ್ನು ಪ್ರೆಶರ್ ಇಲ್ಲದೆ ಟ್ಯಾಂಕಿಗೆ ಬಿಡುವುದು) ಹಾಕಿಸಿ, ಬಿಲ್ಲೂ ಇಳಿಯುತ್ತದೆ. ಇನ್ನೊಂದು, ನೀರಿನಿಂದ ಎಣ್ಣೆ ತಣಿಸುವ ಕೂಲರ್. ನಮ್ಮ ಬೋರ್‌ವೆಲ್ ನೀರಿನ ಗಡಸುತನ ಗೊತ್ತಲ್ವಾ, ಟ್ಯೂಬ್ ಒಳಗೆ ಬಿಳಿ ಪದರ ಕಟ್ಟಿರುತ್ತದೆ, ಬಿಚ್ಚಿ ತೊಳೆಸಿ.