ಸ್ತ್ರೀಪಾತ್ರವನ್ನು ಪರಿಶೀಲಿಸುವ ಬಗೆ

ಒಂದು ಕಾದಂಬರಿ, ಸಿನಿಮಾ ಅಥವಾ ನಾಟಕವನ್ನು ಕುರಿತು ಬರೆಯುವಾಗ ಅದರ ಸ್ತ್ರೀಪಾತ್ರಗಳ ಬಗೆಗಿನ ಮಾತು ಹೆಚ್ಚಾಗಿ ಒಂದೆರಡು ವಿಶೇಷಣಗಳಲ್ಲೇ ಮುಗಿದುಹೋಗುತ್ತದೆ: ‘ಗಟ್ಟಿಗಿತ್ತಿ’, ‘ತ್ಯಾಗಮಯಿ’, ‘ದಿಟ್ಟೆ’. ಇವು ಪಾತ್ರದ ಗುಣವನ್ನು ಹೇಳಬಲ್ಲವೇ ಹೊರತು ಆ ಪಾತ್ರವನ್ನು ಕಟ್ಟಿದ ರೀತಿಯನ್ನು ಹೇಳಲಾರವು. ಆದ್ದರಿಂದ ಗುಣವನ್ನು ಬದಿಗಿಟ್ಟು, ಕಥೆಯಲ್ಲಿ ಅವಳ ನಿರ್ಧಾರ ಎಲ್ಲಿದೆ ಎಂಬುದನ್ನು ಮೊದಲು ಹುಡುಕುವುದು ಒಳ್ಳೆಯದು.

ಮೊದಲ ಸಲ ಕೃತಿಯನ್ನು ಯಾವ ಉದ್ದೇಶವೂ ಇಲ್ಲದೆ ಓದಿ ಅಥವಾ ನೋಡಿ. ಎರಡನೆಯ ಸಲ ಒಂದು ಹಾಳೆಯ ನಡುವೆ ಗೆರೆ ಎಳೆದು, ಎಡಗಡೆ ಆ ಪಾತ್ರ ತಾನಾಗಿ ತೆಗೆದುಕೊಂಡ ನಿರ್ಧಾರಗಳನ್ನೂ ಬಲಗಡೆ ಅವಳ ಬಗ್ಗೆ ಬೇರೆಯವರು ತೆಗೆದುಕೊಂಡ ನಿರ್ಧಾರಗಳನ್ನೂ ಬರೆಯುತ್ತ ಹೋಗಿ. ಬಳಿಕ ಎಡಗಡೆಯ ಒಂದೊಂದು ಸಾಲನ್ನೂ ಮನಸ್ಸಿನಲ್ಲೇ ಅಳಿಸಿ ನೋಡಿ. ಆ ಸಾಲು ಇಲ್ಲದೆಯೂ ಕಥೆ ಇದ್ದ ಹಾಗೆಯೇ ಮುಂದುವರಿಯುವುದಾದರೆ ಆ ನಿರ್ಧಾರ ಅಲಂಕಾರಕ್ಕೆ ಇಟ್ಟದ್ದು. ನಾನೊಮ್ಮೆ ಹೊಡೆದಾಟದ ನಾಯಕಿಯಿದ್ದ ಸಿನಿಮಾವೊಂದನ್ನು ಮನಸಾರೆ ಹೊಗಳಿ ಬರೆದಿದ್ದೆ. ಎರಡನೆಯ ಸಲ ಹಾಳೆ ಹಿಡಿದು ಕೂತಾಗ, ಅವಳ ಒಂದು ಹೊಡೆದಾಟಕ್ಕೆ ತಂದೆಯ ಅಪ್ಪಣೆ, ಇನ್ನೊಂದಕ್ಕೆ ಅಣ್ಣನ ಸಾವಿನ ಸೇಡು, ಕೊನೆಯದಕ್ಕೆ ಪ್ರಿಯಕರನ ಯೋಜನೆ ಕಾರಣವಾಗಿರುವುದು ಕಂಡಿತು. ಎಡಗಡೆಯ ಅಂಕಣ ಪೂರ್ತಿ ಖಾಲಿಯಾಗಿತ್ತು. ಹೆಣ್ಣಿನ ಕೈಗೆ ಕತ್ತಿ ಕೊಡುವುದು ಸುಲಭ, ಅದನ್ನು ಯಾವಾಗ ಎತ್ತಬೇಕೆಂಬ ತೀರ್ಮಾನವನ್ನೂ ಅವಳಿಗೇ ಬಿಟ್ಟುಕೊಡುವ ಕಥೆಗಾರರು ಕಡಿಮೆ.

ಈ ಸಮಸ್ಯೆಯ ಬೇರು ಹಳೆಯದು. ಭರತನ ನಾಟ್ಯಶಾಸ್ತ್ರದಿಂದ ಬಂದು ಇಂದಿಗೂ ನೃತ್ಯದಲ್ಲಿ ಬಳಕೆಯಲ್ಲಿರುವ ಅಷ್ಟನಾಯಿಕೆಯರ ವಿಂಗಡಣೆಯನ್ನೇ ಗಮನಿಸಿ. ವಾಸಕಸಜ್ಜಿಕೆ ನಲ್ಲನಿಗಾಗಿ ಸಿಂಗರಿಸಿಕೊಂಡು ಕಾಯುವವಳು, ಖಂಡಿತೆ ಅವನ ಪರಸ್ತ್ರೀಸಂಗದಿಂದ ನೊಂದವಳು, ಪ್ರೋಷಿತಭರ್ತೃಕೆ ಅವನು ದೂರದೇಶಕ್ಕೆ ಹೋಗಿರುವುದರಿಂದ ಒಂಟಿಯಾಗಿರುವವಳು. ಎಂಟೂ ಹೆಸರುಗಳು ನಾಯಕನೊಂದಿಗೆ ಅವಳಿಗಿರುವ ಸಂಬಂಧದ ಸ್ಥಿತಿಯಿಂದಲೇ ಹುಟ್ಟಿವೆ. ನಾಯಕರನ್ನಾದರೋ ಧೀರೋದಾತ್ತ, ಧೀರಲಲಿತ, ಧೀರೋದ್ಧತ, ಧೀರಶಾಂತ ಎಂದು ಅವರವರ ಸ್ವಭಾವದಿಂದ ಗುರುತಿಸಲಾಗಿದೆ. ನೀವು ಪರಿಶೀಲಿಸುತ್ತಿರುವ ಪಾತ್ರವನ್ನು ‘ಇವನ ಹೆಂಡತಿ’, ‘ಅವನ ತಾಯಿ’ ಎನ್ನದೆ ಒಂದು ವಾಕ್ಯದಲ್ಲಿ ಪರಿಚಯಿಸಲು ಪ್ರಯತ್ನಿಸಿ. ವಾಕ್ಯ ಮುಂದೆ ಹೋಗದೆ ನಿಂತರೆ ಆ ತಡವರಿಕೆಯನ್ನೇ ಬರೆದಿಟ್ಟುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತದೆ.

ಒಂದೇ ಕಥೆಯ ಎರಡು ರೂಪಗಳು ಸಿಗುವುದಾದರೆ ಹೋಲಿಕೆಗಿಂತ ಒಳ್ಳೆಯ ಸಾಧನ ಬೇರೊಂದಿಲ್ಲ. ಮಹಾಭಾರತದ ಆದಿಪರ್ವದ ಶಕುಂತಲೆ, ತನ್ನ ಮಗನೇ ಯುವರಾಜನಾಗಬೇಕೆಂಬ ಷರತ್ತನ್ನು ಗಾಂಧರ್ವ ವಿವಾಹಕ್ಕೆ ಮೊದಲೇ ಒಡ್ಡಿ ಒಪ್ಪಿಗೆ ಪಡೆಯುತ್ತಾಳೆ. ಮಗನೊಂದಿಗೆ ಆಸ್ಥಾನಕ್ಕೆ ಬಂದಾಗ ದುಷ್ಯಂತ ಎಲ್ಲವೂ ನೆನಪಿದ್ದೂ ಇಲ್ಲವೆನ್ನುತ್ತಾನೆ. ಅವಳು ತುಂಬಿದ ಸಭೆಯಲ್ಲಿ ಸತ್ಯ, ಧರ್ಮ, ಪಿತೃತ್ವಗಳ ಬಗ್ಗೆ ದೀರ್ಘವಾಗಿ ವಾದಿಸುತ್ತಾಳೆ. ಅಲ್ಲಿ ಉಂಗುರವೂ ಇಲ್ಲ, ಶಾಪವೂ ಇಲ್ಲ. ಕಾಳಿದಾಸನ ನಾಟಕದಲ್ಲಿ ದೂರ್ವಾಸರ ಶಾಪ ಬಂದು ರಾಜನ ಸುಳ್ಳು ಮರೆವಾಗಿ ಮಾರ್ಪಡುತ್ತದೆ, ಆ ಶಾಪಕ್ಕೆ ಶಕುಂತಲೆಯ ಮೈಮರೆವೇ ನೆಪವಾಗುತ್ತದೆ. ನಾಟಕದ ಶಕುಂತಲೆಯೂ ಐದನೆಯ ಅಂಕದಲ್ಲಿ ಅವನನ್ನು ‘ಅನಾರ್ಯ’ ಎಂದು ಜರೆಯುತ್ತಾಳೆ, ಅವಳು ಮೂಕಿಯೇನಲ್ಲ. ಆದರೆ ಅಷ್ಟರಲ್ಲಿ ಪ್ರೇಕ್ಷಕರಿಗೆ ಶಾಪದ ಸಂಗತಿ ತಿಳಿದಿರುವುದರಿಂದ ಅವಳ ಸಿಟ್ಟು ರಾಜನಿಗೆ ತಾಗದೆ ಜಾರಿಹೋಗುತ್ತದೆ. ಮಾತು ಉಳಿದಿದೆ, ಮಾತಿನ ಗುರಿ ಮಾತ್ರ ಮಾಯವಾಗಿದೆ. ಕಾದಂಬರಿ ಸಿನಿಮಾ ಆದಾಗಲೂ ಹುಡುಕಬೇಕಾದದ್ದು ಇಂಥ ಪಲ್ಲಟಗಳನ್ನೇ: ತಪ್ಪು ಯಾರ ಹೆಗಲಿನಿಂದ ಯಾರ ಹೆಗಲಿಗೆ ದಾಟಿತು, ಯಾವ ಅಡ್ಡ ಕಾರಣದ ಮೂಲಕ ದಾಟಿತು?

ಕಾದಂಬರಿಯಲ್ಲಿ ಗಮನಿಸಬೇಕಾದದ್ದು ನಿರೂಪಕನನ್ನು. ನಾನೇ ಕಟ್ಟಿದ ಎರಡು ಉದಾಹರಣೆಗಳನ್ನು ನೋಡಿ. ‘ಅವಳು ಬಾಗಿಲಲ್ಲಿ ನಿಂತಿದ್ದಳು. ಸಂಜೆಯ ಬೆಳಕು ಕೆನ್ನೆಯ ಮೇಲೆ ಬಿದ್ದಿತ್ತು, ಮುಂಗುರುಳು ಗಾಳಿಗೆ ಅಲುಗುತ್ತಿತ್ತು.’ ಇನ್ನೊಂದು: ‘ಅವಳು ಬಾಗಿಲಲ್ಲಿ ನಿಂತು ಒಳಗೆ ಯಾರ್‍ಯಾರಿದ್ದಾರೆಂದು ಎಣಿಸಿದಳು. ಖಾಲಿಯಿದ್ದ ಒಂದೇ ಕುರ್ಚಿ ಕಿಟಕಿಯ ಪಕ್ಕದಲ್ಲಿತ್ತು.’ ಮೊದಲನೆಯದರಲ್ಲಿ ನೋಡುವ ಕಣ್ಣು ಕೋಣೆಯೊಳಗಿದೆ, ಅವಳು ನೋಟಕ್ಕೆ ಸಿಕ್ಕಿದ ವಸ್ತು. ಎರಡನೆಯದರಲ್ಲಿ ಕಣ್ಣು ಅವಳದು, ಅವಳ ರೂಪ ಹೇಗಿದೆಯೆಂದು ನಮಗೆ ಗೊತ್ತೇ ಆಗುವುದಿಲ್ಲ. ವರ್ಣನೆಯೇ ತಪ್ಪೆಂದು ಇದರ ಅರ್ಥವಲ್ಲ. ನೂರು ಪುಟಗಳಾದರೂ ಅವಳ ಕಣ್ಣಿಗೆ ಏನೊಂದೂ ಬೀಳದಿದ್ದರೆ ಮಾತ್ರ ಪ್ರಶ್ನೆ ಕೇಳಲೇಬೇಕು.

ಕನ್ನಡದಲ್ಲಿ ಓದುವವರಿಗೆ ಇನ್ನೊಂದು ಸುಳಿವು ಪುಕ್ಕಟೆಯಾಗಿ ಸಿಗುತ್ತದೆ, ಅದು ಏಕವಚನ-ಬಹುವಚನಗಳ ಬಳಕೆ. ಒಂದೇ ವಯಸ್ಸಿನ ಇಬ್ಬರು ವೈದ್ಯರಲ್ಲಿ ಗಂಡಸನ್ನು ನಿರೂಪಕ ‘ಅವರು ಬಂದರು’ ಎಂದೂ ಹೆಂಗಸನ್ನು ‘ಅವಳು ಬಂದಳು’ ಎಂದೂ ಬರೆದಿದ್ದರೆ, ಪಾತ್ರಗಳು ಬಾಯಿ ತೆರೆಯುವ ಮೊದಲೇ ಕೃತಿ ಅವರ ಸ್ಥಾನವನ್ನು ಗೊತ್ತುಮಾಡಿಬಿಟ್ಟಿದೆ. ‘ಅವಳು’, ‘ಆಕೆ’, ‘ಅವರು’ ಎಂಬ ಮೂರರಲ್ಲಿ ಯಾವುದು ಯಾರಿಗೆ ಸಲ್ಲುತ್ತದೆ, ಸಂಭಾಷಣೆಯಲ್ಲಿ ಯಾರು ‘ನೀನು’ ಎನ್ನುತ್ತಾರೆ, ಯಾರು ‘ನೀವು’ ಎನ್ನುತ್ತಾರೆ, ಕಥೆಯ ಯಾವ ಘಟ್ಟದಲ್ಲಿ ಅದು ತಪ್ಪುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಜಗಳದ ದೃಶ್ಯದಲ್ಲಿ ‘ನೀವು’ ಹಠಾತ್ತನೆ ‘ನೀನು’ ಆಗುವ ಒಂದು ಸಾಲು ಕೆಲವೊಮ್ಮೆ ಇಡೀ ಅಧ್ಯಾಯಕ್ಕಿಂತ ಹೆಚ್ಚು ಹೇಳುತ್ತದೆ.

ಸಿನಿಮಾದಲ್ಲಿ ನಿರೂಪಕನ ಜಾಗವನ್ನು ಕ್ಯಾಮೆರಾ ಬಹುಮಟ್ಟಿಗೆ ತುಂಬುತ್ತದೆ. ಬ್ರಿಟನ್ನಿನ ಸಿನಿಮಾ ಚಿಂತಕಿ ಲಾರಾ ಮಲ್ವಿ 1975ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ, ಮುಖ್ಯಧಾರೆಯ ಸಿನಿಮಾದಲ್ಲಿ ಕ್ಯಾಮೆರಾದ ನೋಟ, ಗಂಡುಪಾತ್ರದ ನೋಟ ಮತ್ತು ಪ್ರೇಕ್ಷಕರ ನೋಟ ಒಂದಾಗಿ ಹೆಣ್ಣನ್ನು ನೋಡಿಸಿಕೊಳ್ಳುವವಳನ್ನಾಗಿ ಮಾಡುತ್ತವೆ ಎಂದು ವಾದಿಸಿದರು. ಇದನ್ನು ಪರೀಕ್ಷಿಸಲು ನಾಯಕಿಯ ಪ್ರವೇಶದ ದೃಶ್ಯವನ್ನು ಶಬ್ದ ಪೂರ್ತಿ ತೆಗೆದು ನೋಡಿ. ಮೊದಲು ಕಾಣುವುದು ಪಾದವೋ, ಸೊಂಟವೋ, ಮುಖವೋ? ನಾಯಕನ ಪ್ರವೇಶವೂ ಅದೇ ಕ್ರಮದಲ್ಲಿದೆಯೇ? ನಂತರ ಅವಳಿಗೆ ಮುಖ್ಯವಾದ ಸುದ್ದಿಯೊಂದು ತಿಳಿಯುವ ದೃಶ್ಯಕ್ಕೆ ಹೋಗಿ, ಕೊನೆಯ ಶಾಟ್‌ನಲ್ಲಿ ಯಾರ ಮುಖ ಉಳಿಯುತ್ತದೆ ನೋಡಿ. ಸುದ್ದಿ ಅವಳದಾಗಿದ್ದು ಮುಖ ಅವನದಾಗಿದ್ದರೆ, ಆ ದುಃಖದ ಒಡೆತನ ಅವನಿಗೆ ಹೋಗಿದೆ.

ಅಮೆರಿಕದ ವ್ಯಂಗ್ಯಚಿತ್ರಕಾರ್ತಿ ಆಲಿಸನ್ ಬೆಕ್ಡೆಲ್ 1985ರ ಚಿತ್ರಪಟ್ಟಿಯೊಂದರಲ್ಲಿ ಪಾತ್ರದ ಬಾಯಲ್ಲಿ ಆಡಿಸಿದ ನಿಯಮ ಈಗ ಬೆಕ್ಡೆಲ್ ಪರೀಕ್ಷೆಯೆಂದು ಹೆಸರಾಗಿದೆ: ಸಿನಿಮಾದಲ್ಲಿ ಕನಿಷ್ಠ ಇಬ್ಬರು ಹೆಂಗಸರಿರಬೇಕು, ಅವರು ಪರಸ್ಪರ ಮಾತಾಡಬೇಕು, ಆ ಮಾತು ಗಂಡಸನ್ನು ಬಿಟ್ಟು ಬೇರೆ ವಿಷಯದ್ದಾಗಿರಬೇಕು. ಇದನ್ನು ಒಂದೇ ಸಿನಿಮಾದ ಮೇಲಿನ ತೀರ್ಪಾಗಿ ಬಳಸಬೇಡಿ. ಒಬ್ಬಳೇ ಹೆಣ್ಣಿನ ಒಂಟಿತನವನ್ನು ಆಳವಾಗಿ ತೋರಿಸುವ ಸಿನಿಮಾ ಇದರಲ್ಲಿ ಸೋಲುತ್ತದೆ, ಇಬ್ಬರು ಗೆಳತಿಯರು ಬಟ್ಟೆಯ ಬಗ್ಗೆ ಎರಡು ಮಾತಾಡಿದ ಸಿನಿಮಾ ಗೆಲ್ಲುತ್ತದೆ. ಒಂದು ವರ್ಷದ ಹಲವು ಸಿನಿಮಾಗಳನ್ನು ಒಟ್ಟಿಗೆ ಜರಡಿ ಹಿಡಿಯುವಾಗ ಅದು ಕೆಲಸಕ್ಕೆ ಬರುತ್ತದೆ.

ನಾಟಕದ ಕಷ್ಟವೆಂದರೆ ಮುದ್ರಿತ ಪಠ್ಯದಲ್ಲಿ ಮೌನ ಕಾಣುವುದಿಲ್ಲ. ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ, ಮಾತಿಲ್ಲದೆಯೂ ರಂಗದ ಮೇಲಿರುವವರ ಹೆಸರನ್ನು ಪ್ರತಿ ಪುಟದಲ್ಲೂ ಬರೆಯಿರಿ. ನಾಲ್ಕು ಪುಟ ಸುಮ್ಮನೆ ನಿಂತವಳನ್ನು ನಿರ್ದೇಶಕರು ಎಲ್ಲಿ ನಿಲ್ಲಿಸಿದರು, ಅವಳು ಯಾರತ್ತ ತಿರುಗಿದ್ದಳು ಎಂಬುದು ಪ್ರದರ್ಶನದಲ್ಲಷ್ಟೇ ತಿಳಿಯುತ್ತದೆ. ಅಂತ್ಯವನ್ನಂತೂ ವಿಶೇಷವಾಗಿ ಗಮನಿಸಿ. ನಾರ್ವೆಯ ನಾಟಕಕಾರ ಇಬ್ಸನ್ನನ ‘ಎ ಡಾಲ್ಸ್ ಹೌಸ್’ 1879ರಲ್ಲಿ ಮೊದಲು ರಂಗಕ್ಕೆ ಬಂದಾಗ ನಾಯಕಿ ನೋರಾ ಗಂಡನನ್ನೂ ಮಕ್ಕಳನ್ನೂ ಬಿಟ್ಟು ಹೊರಡುತ್ತಾಳೆ, ಕೆಳಗಿನಿಂದ ಬಾಗಿಲು ಮುಚ್ಚಿದ ಸದ್ದು ಕೇಳುತ್ತದೆ. ಜರ್ಮನಿಯ ಪ್ರದರ್ಶನಕ್ಕೆ ಆ ಪಾತ್ರ ವಹಿಸಬೇಕಿದ್ದ ನಟಿ, ತಾನು ಮಕ್ಕಳನ್ನು ಬಿಟ್ಟು ಹೋಗುವವಳಲ್ಲವೆಂದು ಆ ಅಂತ್ಯವನ್ನು ಒಪ್ಪಲಿಲ್ಲ. ಬೇರೆಯವರು ತಿದ್ದುವುದಕ್ಕಿಂತ ತಾನೇ ತಿದ್ದುವುದು ಮೇಲೆಂದು ಇಬ್ಸನ್, ನೋರಾ ಮಲಗಿದ ಮಕ್ಕಳ ಕೋಣೆಯ ಬಾಗಿಲಲ್ಲಿ ಕುಸಿಯುವಂತೆ ಬರೆದುಕೊಟ್ಟ, ಆಮೇಲೆ ಅದನ್ನು ತನ್ನ ನಾಟಕದ ಮೇಲಿನ ಅನಾಗರಿಕ ಹಲ್ಲೆಯೆಂದು ಕರೆದ. ಕೊನೆಯ ಅರ್ಧ ಪುಟವಷ್ಟೇ ಬದಲಾದರೂ ನಿರ್ಧಾರ ಎಡಗಡೆಯ ಅಂಕಣದಿಂದ ಬಲಗಡೆಗೆ ದಾಟಿತು.

ಬರೆಯಲು ಕೂತಾಗ ವಿಶೇಷಣದ ಜಾಗದಲ್ಲಿ ಪುಟಸಂಖ್ಯೆಯನ್ನೋ ನಿಮಿಷವನ್ನೋ ಇಡಿ. ಹೆಣ್ಣಿನ ಮೇಲಿನ ದಬ್ಬಾಳಿಕೆಯನ್ನು ತೋರಿಸಿದ ಕೃತಿಯೆಲ್ಲ ಅದನ್ನು ಒಪ್ಪಿಕೊಂಡಿದೆಯೆಂದು ಭಾವಿಸಬೇಡಿ. ತಾನು ತೋರಿಸುತ್ತಿರುವುದು ದಬ್ಬಾಳಿಕೆಯೆಂಬ ಅರಿವು ಕೃತಿಗೆ ಇದೆಯೇ ಎಂದು ಕೇಳಿ. ನಾಯಕಿಯಲ್ಲೇ ನಿಲ್ಲದೆ, ಮೂರು ದೃಶ್ಯಗಳಲ್ಲಿ ಬಂದುಹೋಗುವ ಹೆಸರಿಲ್ಲದ ಹೆಂಗಸಿಗೂ ಒಂದು ಹಾಳೆ ಮೀಸಲಿಡಿ. ಕೊನೆಗೆ ಗಂಡುಪಾತ್ರಗಳಿಗೂ ಅದೇ ಎರಡು ಅಂಕಣ ಹಾಕಿ ನೋಡುವುದನ್ನು ಮರೆಯಬೇಡಿ. ಅವರ ಎಡಗಡೆಯ ಅಂಕಣವೂ ಖಾಲಿಯಾಗಿದ್ದರೆ ಆ ಕೃತಿಯಲ್ಲಿ ಯಾರ ಕೈಯಲ್ಲೂ ಏನೂ ಇಲ್ಲ, ನಿಮ್ಮ ವಿಮರ್ಶೆ ಬೇರೊಂದು ಪ್ರಶ್ನೆಯಿಂದ ಶುರುವಾಗಬೇಕು.