ತಂದೆ ಕಾಲಂ ಖಾಲಿ ಬಿಟ್ಟೇ ಜನನ ಪ್ರಮಾಣ ಪತ್ರ ತೆಗೆಸಿದ ಅನುಭವ

"ಬೆಂಗಳೂರಿಗೆ ಹೋಗಿ ಹೈಕೋರ್ಟ್‌ನಲ್ಲಿ ರಿಟ್ ಅರ್ಜಿ ಹಾಕದೆ ಇದು ಆಗಲ್ಲ ಬಿಡಿ" ಅಂತ ದಾವಣಗೆರೆ ವಕೀಲರ ಸಂಘದಲ್ಲಿ ಸೀನಿಯರ್‌ಗಳೇ ಹೇಳಿದ್ದರು. ಆಯಿತು. ರಿಟ್ ಇಲ್ಲದೆಯೇ ಆಯಿತು.

ಕಕ್ಷಿದಾರರು ಇಬ್ಬರು ಹೆಂಗಸರು, ಒಟ್ಟಿಗೆ ಸಂಸಾರ ಮಾಡುತ್ತಿರುವವರು. ಒಬ್ಬರು ದಾನಿಯ ವೀರ್ಯದಿಂದ ಐವಿಎಫ್ ಮಾಡಿಸಿಕೊಂಡು ಹೆತ್ತವರು. ಐವಿಎಫ್‌ನಂಥ ಚಿಕಿತ್ಸೆಗಳ ಮೇಲಿನ 2021ರ ಎಆರ್‌ಟಿ ಕಾಯ್ದೆ ಒಂಟಿ ಹೆಂಗಸಿಗೆ ಅಡ್ಡಿ ಮಾಡಲ್ಲ. ತೊಡಕು ಶುರುವಾಗೋದು ಹೆರಿಗೆ ಆದಮೇಲೆ.

ಮೊದಲು ಇಬ್ಬರ ಹೆಸರೂ ಕೇಳಿ ಜನನ ನೋಂದಣಿ ಕಚೇರಿಗೆ ಅರ್ಜಿ ಕೊಟ್ಟೆ. ಕಂಪ್ಯೂಟರ್‌ನಲ್ಲಿ ತಂದೆಗೊಂದು, ತಾಯಿಗೊಂದು ಕಾಲಂ. "ಇನ್ನೊಬ್ಬ ಮೇಡಂ ಹೆಸರು ತಂದೆ ಕಾಲಂಗೆ ಹಾಕಲಾ ಸಾರ್?" ಅಂದರು ಗುಮಾಸ್ತರು. ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ. 2025ರ ಜೂನ್‌ನಲ್ಲಿ ಕೇರಳ ಹೈಕೋರ್ಟ್ ಒಂದು ಟ್ರಾನ್ಸ್ ಜೋಡಿಗೆ ತಂದೆ, ತಾಯಿ ಬದಲು 'ಪೋಷಕರು' ಅಂತ ನಮೂದಿಸಿ ಕೊಡಿ ಅಂದಿತ್ತಲ್ಲ, ಅದನ್ನು ತೋರಿಸಿದೆ. "ಅದು ಕೇರಳದ್ದು" ಅಂತ ಫೈಲು ವಾಪಸ್.

ಆಮೇಲೆ ಜೋಡಿ ಅನ್ನೋ ಮಾತನ್ನೇ ಅರ್ಜಿಯಿಂದ ಕಿತ್ತೆ. ಸುಪ್ರೀಂ ಕೋರ್ಟ್‌ನ 2015ರ ಎಬಿಸಿ ತೀರ್ಪು ಹಿಡಿದೆ: ಅವಿವಾಹಿತ ತಾಯಿ ಅಫಿಡವಿಟ್ ಕೊಟ್ಟರೆ ಸಾಕು, ಪ್ರಮಾಣ ಪತ್ರ ಕೊಡಲೇಬೇಕು. ಅಲ್ಲೂ ಶುರು. "ಗಂಡ ತೀರಿಕೊಂಡಿದ್ದರೆ ಡೆತ್ ಸರ್ಟಿಫಿಕೇಟ್ ತನ್ನಿ, ಬಿಟ್ಟಿದ್ದರೆ ವಿಚ್ಛೇದನದ ಡಿಕ್ರಿ ತನ್ನಿ." ಗಂಡನೇ ಇಲ್ಲ ಮಾರಾಯ್ರೇ! ಜನನ ನೋಂದಣಿಗೆ ಇರೋ 21 ದಿನ ಯಾವತ್ತೋ ದಾಟಿತ್ತು. ವರ್ಷ ದಾಟಿದ್ದರೆ ಮ್ಯಾಜಿಸ್ಟ್ರೇಟ್ ಆದೇಶ ಬೇರೆ ಬೇಕಾಗುತ್ತಿತ್ತು.

ಕೊನೆಗೆ ಒಂದೇ ಪಟ್ಟು ಹಿಡಿದೆ: ಆಗಲ್ಲ ಅನ್ನೋದಾದರೆ ಹಿಂಬರಹ ಕೊಡಿ, ಅಂದರೆ ಯಾಕೆ ಆಗಲ್ಲ ಅಂತ ಬರೆದುಕೊಡಿ. ಬರೆದು ಸಹಿ ಹಾಕೋಕೆ ಯಾರೂ ಮುಂದೆ ಬರಲ್ಲ, ಅಲ್ವಾ? ಫೈಲು ತಾನಾಗೇ ಓಡಿತು. ಅಫಿಡವಿಟ್‌ನ ಮೂರನೇ ಪ್ಯಾರಾ ಹೇಗೆ ಬರೆದೆ ಅನ್ನೋದನ್ನು ಮಾತ್ರ ಇಲ್ಲಿ ಹೇಳಲ್ಲ. ನನ್ನ ಫೀಸು ಇರೋದೇ ಅದರಲ್ಲಿ.

ಛಾಪಾ ಕಾಗದ, ನೋಟರಿ, ತಡದ ಶುಲ್ಕ, ಜೆರಾಕ್ಸ್ ಎಲ್ಲ ಸೇರಿ ಸಾವಿರದೊಳಗೆ. ರಿಟ್‌ಗೆ ಬೆಂಗಳೂರಿನ ಗೆಳೆಯ ಹೇಳಿದ್ದು ಅರವತ್ತು ಸಾವಿರದ ಹತ್ತಿರ. ನನ್ನ ಫೀಸು ಎರಡು ಕಂತಲ್ಲಿ ಬಂತು, ಎರಡನೇದು ಸ್ವಲ್ಪ ಸತಾಯಿಸಿತು.

ಇದೇ ಪತ್ರ ಇಟ್ಟುಕೊಂಡು ಸುಮ್ನೆ ಪಾಸ್‌ಪೋರ್ಟ್‌ಗೂ ಹಾಕಿ ನೋಡಿದೆ. 2016ರ ಕೊನೆಯಿಂದ ಅಲ್ಲಿ ತಂದೆ ತಾಯಿಯಲ್ಲಿ ಒಬ್ಬರ ಹೆಸರಿದ್ದರೆ ಸಾಕು. ತಕರಾರಿಲ್ಲದೆ ಬಂತು.

ಇನ್ನೊಬ್ಬ ಅಮ್ಮನ ಹೆಸರು ಮಾತ್ರ ಎಲ್ಲೂ ಇಲ್ಲ. ಸಲಿಂಗ ಮದುವೆ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 2023ರ ಸುಪ್ರಿಯೋ ತೀರ್ಪು ಆದಮೇಲೆ ಮದುವೆಯೂ ಇಲ್ಲ, ಜೋಡಿಯಾಗಿ ದತ್ತೂ ಇಲ್ಲ. ಅದಕ್ಕೆ 1956ರ ಹಿಂದೂ ಪಾಲಕತ್ವ ಕಾಯ್ದೆಯ 9(4)ನೇ ಕಲಂ ಹಿಡಿದು, ಹೆತ್ತ ಅಮ್ಮನಿಂದ ವಿಲ್ ಬರೆಸಿ ಇನ್ನೊಬ್ಬ ಅಮ್ಮನನ್ನೇ ಪಾಲಕರು ಅಂತ ಮಾಡಿಸಿದೆ. ವಿಲ್‌ಗೆ ಛಾಪಾ ಕಾಗದದ ಖರ್ಚಿಲ್ಲ. ಆದರೆ ಅದು ಜಾರಿಗೆ ಬರೋದು ಹೆತ್ತ ಅಮ್ಮ ತೀರಿಹೋದಮೇಲೆ. ಅಲ್ಲಿವರೆಗೆ ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಇನ್ನೊಬ್ಬ ಅಮ್ಮನ ಸಹಿ ನಡೆಯಬೇಕಲ್ಲ? ಅದಕ್ಕೆ ಒಂದು ಅಧಿಕಾರ ಪತ್ರ ಮಾಡಿಕೊಟ್ಟಿದ್ದೇನೆ. ಒಂದು ಶಾಲೆ ಒಪ್ಪಿದೆ, ಇನ್ನೊಂದು ಒಪ್ಪಲಿಲ್ಲ.