ಬಳಸಿದ ಸಾಮಾನಿನ ಕೊಡುಕೊಳ್ಳುವಿಕೆ: ಹಣ ಕೊಡುವ ಮುನ್ನ, ಪಡೆಯುವ ಮುನ್ನ
(ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾಕ್ಕೆ ಹೊಸದಾಗಿ ಬಂದ ಕುಟುಂಬಗಳಿಗೆ)

ಸನಿವೇಲ್‌ನಲ್ಲೋ ಫ್ರೀಮಾಂಟ್‌ನಲ್ಲೋ ಬಾಡಿಗೆ ಮನೆ ಸಿಕ್ಕಿ ಬೀಗದ ಕೈ ಪಡೆದ ದಿನ ಒಳಗೆ ಇರುವುದು ಒಲೆ, ಫ್ರಿಜ್ ಮತ್ತು ನೆಲದ ಕಾರ್ಪೆಟ್, ಅಷ್ಟೇ. ಮಂಚ, ಊಟದ ಮೇಜು, ಮಗು ಕುಳಿತು ಓದಲು ಒಂದು ಕುರ್ಚಿ ಎಲ್ಲವನ್ನೂ ನಾವೇ ಹೊಂದಿಸಿಕೊಳ್ಳಬೇಕು. ಎಲ್ಲವನ್ನೂ ಹೊಸದಾಗಿ ಕೊಂಡರೆ ಮೊದಲ ಸಂಬಳ ಬರುವ ಮೊದಲೇ ಕೈ ಖಾಲಿ. ಹಾಗಾಗಿ ಬಹುಪಾಲು ಕುಟುಂಬಗಳು ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಕ್ರೇಗ್ಸ್‌ಲಿಸ್ಟ್, ನೆಕ್ಸ್ಟ್‌ಡೋರ್ ಮತ್ತು ವಾಟ್ಸಾಪ್ ಗುಂಪುಗಳಲ್ಲಿ ಬರುವ ಮೂವಿಂಗ್ ಸೇಲ್‌ಗಳನ್ನು ಹುಡುಕುತ್ತವೆ. ಇದು ಒಳ್ಳೆಯ ದಾರಿಯೇ. ಶಾಲೆಗಳಿಗೆ ಬೇಸಿಗೆ ರಜೆ ಸಿಗುವ ಜೂನ್ ತಿಂಗಳ ಹೊತ್ತಿಗೆ ಊರು ಬಿಡುವವರು ಗಟ್ಟಿಮುಟ್ಟಾದ ಮರದ ಸಾಮಾನನ್ನು ಕಡಿಮೆ ಬೆಲೆಗೆ ಬಿಟ್ಟು ಹೋಗುತ್ತಾರೆ. ನಮ್ಮ ಮನೆಯ ಊಟದ ಮೇಜೂ ಹಾಗೆ ಬಂದದ್ದು.

ಈ ಬರಹ ಹಣ ಕೈ ಬದಲಾಗುವ ಆ ಎರಡು ನಿಮಿಷಗಳ ಬಗ್ಗೆ ಮಾತ್ರ. ನಮ್ಮ ಕನ್ನಡ ಸಂಘದ ಕಾರ್ಯಕರ್ತರಿಗೆ ಬರುವ ಬೇಸರದ ಕರೆಗಳನ್ನು ಕೇಳಿ ಕೇಳಿ ನನಗೆ ಮನವರಿಕೆಯಾಗಿರುವುದು ಒಂದೇ: ಮೋಸ ಹೋದವರು ದಡ್ಡರಲ್ಲ, ಅವಸರದವರೂ ಅಲ್ಲ. ಊರಿನಲ್ಲಿ ಸರಿಯಾಗಿದ್ದ ಲೆಕ್ಕಾಚಾರವನ್ನೇ ಇಲ್ಲಿಯೂ ನಂಬಿದವರು. ಅದು ಮುಖ್ಯವಾಗಿ ಚೆಕ್ ಮತ್ತು ಮೊಬೈಲ್ ಪಾವತಿ, ಈ ಎರಡರಲ್ಲಿ ಕೈ ಕೊಡುತ್ತದೆ.

ಚೆಕ್: ಖಾತೆಯಲ್ಲಿ ಕಂಡ ಹಣ

ನಾವು ಬಂದ ಮೊದಲ ವರ್ಷ ಮಗಳ ತೊಟ್ಟಿಲು ಮಂಚವನ್ನು 250 ಡಾಲರಿಗೆ ಮಾರಾಟಕ್ಕೆ ಇಟ್ಟಿದ್ದೆ. ಒಬ್ಬರು ಚೌಕಾಸಿಯನ್ನೇ ಮಾಡದೆ ಒಪ್ಪಿದರು. ತಾವು ಬೇರೆ ಊರಿನಲ್ಲಿ ಇರುವುದಾಗಿಯೂ, ಚೆಕ್ ಕಳುಹಿಸುವುದಾಗಿಯೂ, ಸಾಗಿಸುವವರು ಬಂದು ಒಯ್ಯುವರೆಂದೂ ಬರೆದರು. ಬಂದ ಚೆಕ್ 1,450 ಡಾಲರಿನದು. ‘ಉಳಿದದ್ದು ಸಾಗಣೆಯವರ ಹಣ, ಚೆಕ್ ಜಮಾ ಆದ ಮೇಲೆ ಅವರಿಗೆ ಕಳುಹಿಸಿಬಿಡಿ’ ಎಂದರು. ಬ್ಯಾಂಕಿಗೆ ಹಾಕಿದ ಮರುದಿನ ನನ್ನ ಖಾತೆಯಲ್ಲಿ ಹಣ ಕಾಣಿಸಿತು. ಚೆಕ್ ಪಾಸಾಯಿತು ಎಂದೇ ನಾನು ತಿಳಿದೆ. ಪುಣ್ಯಕ್ಕೆ ಅದೇ ಸಂಜೆ ಪಕ್ಕದ ಮನೆಯ ಹಿರಿಯರೊಬ್ಬರು ‘ಎರಡು ವಾರ ಏನೂ ಮಾಡಬೇಡಿ’ ಎಂದು ತಡೆದರು. ಹನ್ನೊಂದನೆಯ ದಿನ ಚೆಕ್ ನಕಲಿ ಎಂದು ಬ್ಯಾಂಕು ಅಷ್ಟೂ ಹಣವನ್ನು ಖಾತೆಯಿಂದ ಹಿಂದಕ್ಕೆ ತೆಗೆದುಕೊಂಡಿತು. ನಾನು 1,200 ಡಾಲರನ್ನು ಕಳುಹಿಸಿದ್ದರೆ ಅದು ನನ್ನ ಸ್ವಂತ ದುಡ್ಡಾಗಿರುತ್ತಿತ್ತು.

ಇಲ್ಲಿ ಇರುವ ವ್ಯತ್ಯಾಸವನ್ನು ದಯವಿಟ್ಟು ನಿಧಾನವಾಗಿ ಓದಿ. ಭಾರತದಲ್ಲಿ ಸಾಮಾನ್ಯವಾಗಿ ಚೆಕ್ ಮೊದಲು ಕ್ಲಿಯರಿಂಗ್‌ಗೆ ಹೋಗುತ್ತದೆ. ಬರೆದವರ ಬ್ಯಾಂಕು ಒಪ್ಪಿದ ಮೇಲೆ ನಮ್ಮ ಖಾತೆಗೆ ಹಣ ಬರುತ್ತದೆ. ಅಮೆರಿಕದಲ್ಲಿ ಜಮಾ ಮಾಡಿದ ಹಣವನ್ನು ಇಂತಿಷ್ಟು ದಿನಗಳೊಳಗೆ ಗ್ರಾಹಕರ ಬಳಕೆಗೆ ಬಿಡಬೇಕೆಂದು ಕಾನೂನೇ ಬ್ಯಾಂಕುಗಳಿಗೆ ಹೇಳುತ್ತದೆ. ಅಂದರೆ ಚೆಕ್ ನಿಜವೋ ನಕಲಿಯೋ ಎಂಬುದು ತೀರ್ಮಾನವಾಗುವ ಮೊದಲೇ ಹಣ ನಿಮ್ಮ ಖಾತೆಯಲ್ಲಿ ಕಾಣಿಸುತ್ತದೆ, ಖರ್ಚು ಮಾಡಲೂ ಬರುತ್ತದೆ. ನಕಲಿ ಎಂದು ಗೊತ್ತಾಗಲು ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ. ಆಗ ನಷ್ಟ ಬೀಳುವುದು ಜಮಾ ಮಾಡಿದವರ ತಲೆಯ ಮೇಲೆ. ಕ್ಯಾಷಿಯರ್ ಚೆಕ್ ಎಂದರೆ ಬ್ಯಾಂಕೇ ಹೊಣೆ ಹೊತ್ತು ಕೊಡುವ ಚೆಕ್, ಅದು ನಂಬಿಕೆಯದು ಎಂಬ ಮಾತು ಸರಿ. ಆದರೆ ಆ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡು ನಕಲಿ ಕ್ಯಾಷಿಯರ್ ಚೆಕ್‌ಗಳನ್ನು ಅಚ್ಚು ಹಾಕುತ್ತಾರೆ. ನೋಡಿದ ಮಾತ್ರಕ್ಕೆ ಗುರುತು ಸಿಗುವುದಿಲ್ಲ.

ಆದ್ದರಿಂದ ಮನೆಯ ಸಾಮಾನು ಮಾರುವಾಗ ಅಪರಿಚಿತರಿಂದ ಯಾವ ಬಗೆಯ ಚೆಕ್ಕನ್ನೂ ತೆಗೆದುಕೊಳ್ಳಬೇಡಿ. ಹೇಳಿದ ಬೆಲೆಗಿಂತ ಹೆಚ್ಚು ಕಳುಹಿಸಿ ಉಳಿದದ್ದನ್ನು ವಾಪಸು ಕೇಳುವವರ ಜೊತೆ ಮಾತು ಮುಂದುವರಿಸುವುದೇ ಬೇಡ. ನಿಜವಾದ ಕೊಳ್ಳುವವರಿಗೆ ಹಾಗೆ ಮಾಡುವ ಕಾರಣವೇ ಇರುವುದಿಲ್ಲ.

ಝೆಲ್ ಮತ್ತು ವೆನ್ಮೊ

ಊರಿನಲ್ಲಿ ತರಕಾರಿ ಗಾಡಿಯಿಂದ ಹಿಡಿದು ಆಟೋವರೆಗೆ ಯುಪಿಐ ಬಳಸಿ ಬಂದವರಿಗೆ ಝೆಲ್ ಕಂಡ ಕೂಡಲೇ ಮನೆಗೆ ಬಂದಂತಾಗುತ್ತದೆ. ಫೋನ್ ಸಂಖ್ಯೆಯೋ ಇಮೇಲೋ ಇದ್ದರೆ ಸಾಕು, ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹಣ ನಿಮಿಷಗಳಲ್ಲಿ ತಲುಪುತ್ತದೆ, ಬ್ಯಾಂಕಿನ ಆ್ಯಪ್‌ನ ಒಳಗೇ ಇರುತ್ತದೆ. ಆದರೆ ಝೆಲ್ ಇರುವುದು ಗುರುತಿದ್ದವರ ನಡುವಿನ ಕೊಡುಕೊಳ್ಳುವಿಕೆಗೆ. ಪಡೆಯುವವರು ಈಗಾಗಲೇ ನೋಂದಾಯಿಸಿಕೊಂಡಿದ್ದರೆ, ಕಳುಹಿಸಿದ ಹಣವನ್ನು ರದ್ದು ಮಾಡಲು ಬರುವುದಿಲ್ಲ. ಯಾರೋ ನಿಮ್ಮ ಖಾತೆಗೆ ನುಗ್ಗಿ ಹಣ ತೆಗೆದರೆ ಫೆಡರಲ್ ಕಾನೂನಿನ ರಕ್ಷಣೆ ಇದೆ. ನೀವೇ ಬೆರಳೊತ್ತಿ ಕಳುಹಿಸಿ, ಸಾಮಾನು ಸಿಗಲಿಲ್ಲ ಎಂದರೆ ಆ ರಕ್ಷಣೆಯನ್ನು ನಂಬಿ ಕೂರುವಂತಿಲ್ಲ.

ಹಾಗಾಗಿ ಕೊಳ್ಳುವವರಿಗೆ ನನ್ನ ಮಾತು ಇಷ್ಟು: ಸಾಮಾನಿನ ಮುಂದೆ ನಿಂತು, ಮುಟ್ಟಿ ನೋಡಿ, ವಿದ್ಯುತ್ ಸಾಮಾನಾದರೆ ಪ್ಲಗ್ ಹಾಕಿ ಓಡಿಸಿ, ಕಾರಿಗೆ ಏರಿಸುವ ಹೊತ್ತಿನಲ್ಲಿ ಝೆಲ್ ಮಾಡಿ. ‘ಇನ್ನೂ ನಾಲ್ಕು ಜನ ಕೇಳುತ್ತಿದ್ದಾರೆ, 50 ಡಾಲರ್ ಮುಂಗಡ ಕಳುಹಿಸಿದರೆ ನಿಮಗೇ ಇಡುತ್ತೇನೆ’ ಎಂದರೆ, ಆ ಸೋಫಾ ಬೇರೆಯವರ ಪಾಲಾಗಲಿ ಬಿಡಿ. ಇದೇ ಮಾತು ಬಾಡಿಗೆ ಮನೆಗೂ ಅನ್ವಯಿಸುತ್ತದೆ. ಭಾರತದಲ್ಲಿ ಇರುವಾಗಲೇ ಚಿತ್ರ ನೋಡಿ ಮುಂಗಡ ಕಳುಹಿಸಿ, ಬಂದು ನೋಡಿದರೆ ಆ ಮನೆಯಲ್ಲಿ ಬೇರೆ ಸಂಸಾರ ಇರುವುದನ್ನು ಕಂಡ ಕುಟುಂಬದ ಸಂಕಟವನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಮಾರುವವರಿಗೆ ಝೆಲ್ ಅನುಕೂಲವೇ, ಹಣ ನಿಜವಾಗಿಯೂ ಬಂದಿದ್ದರೆ. ‘ನಿಮ್ಮದು ಬಿಸಿನೆಸ್ ಖಾತೆಯಲ್ಲ, ಆದ್ದರಿಂದ ಹಣ ತಡೆಯಲಾಗಿದೆ, ಕೊಳ್ಳುವವರು 300 ಡಾಲರ್ ಹೆಚ್ಚು ಕಳುಹಿಸಿದ್ದಾರೆ, ಅದನ್ನು ಹಿಂತಿರುಗಿಸಿದರೆ ಪೂರ್ತಿ ಜಮಾ ಆಗುತ್ತದೆ’ ಎಂಬ ಇಮೇಲ್ ಬಂದರೆ ಅದು ಸುಳ್ಳು. ಅವರ ಫೋನಿನ ಪರದೆಯಲ್ಲಿ ಕಾಣುವ ಹಸಿರು ಗುರುತೂ ಸಾಕ್ಷಿಯಲ್ಲ. ನಿಮ್ಮ ಬ್ಯಾಂಕಿನ ಆ್ಯಪ್ ತೆರೆದು, ಅಲ್ಲಿ ಹಣ ಸೇರಿದೆ ಎಂದು ನೋಡಿದ ಮೇಲೆಯೇ ಸಾಮಾನನ್ನು ಕೊಡಿ. ಐದು ನಿಮಿಷ ಕಾಯಿಸಿದರೆ ಯಾರೂ ಮುನಿಸಿಕೊಳ್ಳುವುದಿಲ್ಲ.

ವೆನ್ಮೊ ಎಂಬ ಇನ್ನೊಂದು ಪಾವತಿ ಆ್ಯಪ್‌ನಲ್ಲಿ ಹಣ ಕಳುಹಿಸುವಾಗ ಅದು ಸರಕು ಅಥವಾ ಸೇವೆಗಾಗಿ ಎಂದು ಗುರುತು ಹಾಕುವ ಆಯ್ಕೆ ಇದೆ. ಅದನ್ನು ಆರಿಸಿದರೆ ಮಾರುವವರಿಂದ ಸಣ್ಣ ಶುಲ್ಕ ಕಡಿತವಾಗುತ್ತದೆ, ಕೊಳ್ಳುವವರಿಗೆ ದೂರು ಕೊಡಲು ಒಂದು ದಾರಿ ಇರುತ್ತದೆ. ಪೇಪಾಲ್‌ನಲ್ಲಿಯೂ ಗೆಳೆಯರಿಗೆ ಕಳುಹಿಸುವ ಬಗೆ ಬೇರೆ, ಖರೀದಿಯ ಬಗೆ ಬೇರೆ. ಗೆಳೆಯರಿಗೆಂದು ಕಳುಹಿಸಿದ ಹಣಕ್ಕೆ ಖರೀದಿಯ ರಕ್ಷಣೆ ಇಲ್ಲ. ಅಪರಿಚಿತರಿಂದ ನಿಮ್ಮ ವೆನ್ಮೊಗೆ ತಪ್ಪಿ ಹಣ ಬಂದು, ‘ದಯವಿಟ್ಟು ಹಿಂತಿರುಗಿಸಿ’ ಎಂದು ಬೇಡಿದರೆ ನೀವಾಗಿ ಕಳುಹಿಸಬೇಡಿ. ಅದು ಕದ್ದ ಕಾರ್ಡಿನ ಹಣವಾಗಿದ್ದರೆ ಮೂಲ ಪಾವತಿ ಮುಂದೆ ರದ್ದಾಗುತ್ತದೆ, ನೀವು ಕಳುಹಿಸಿದ್ದು ಮಾತ್ರ ಹೋಗಿಯೇ ಬಿಡುತ್ತದೆ. ವೆನ್ಮೊದ ಸಹಾಯ ವಿಭಾಗಕ್ಕೆ ತಿಳಿಸಿ, ಅವರೇ ಹಿಂದಕ್ಕೆ ಪಡೆಯಲಿ.

‘ನೀವು ನಿಜವಾದ ಮನುಷ್ಯರೇ ಎಂದು ತಿಳಿಯಬೇಕು, ನಿಮ್ಮ ಫೋನಿಗೆ ಬರುವ ಆರು ಅಂಕಿ ಹೇಳಿ’ ಎಂದು ಕೇಳುವವರೂ ಇದ್ದಾರೆ. ಆ ಅಂಕಿಗಳಿಂದ ನಿಮ್ಮ ಸಂಖ್ಯೆಯ ಹೆಸರಿನಲ್ಲಿ ಗೂಗಲ್ ವಾಯ್ಸ್ (ಅಂತರ್ಜಾಲದ ಮೂಲಕ ಕರೆ ಮಾಡುವ ಫೋನ್ ಸಂಖ್ಯೆ) ಖಾತೆ ತೆರೆದು ಬೇರೆಯವರಿಗೆ ಮೋಸ ಮಾಡುತ್ತಾರೆ. ಓಟಿಪಿ ಯಾರಿಗೂ ಹೇಳಬಾರದು ಎಂದು ಊರಿನಲ್ಲಿ ಕಲಿತ ಪಾಠ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಹಣ ಕಳುಹಿಸುವ ನೆಪದಲ್ಲಿ ನಿಮ್ಮ ಫೋನನ್ನೇ ಕೈಗೆ ಕೇಳಿದರೂ ಕೊಡಬೇಡಿ.

ನಗದು

ಬ್ಯಾಂಕ್ ಖಾತೆ ಇನ್ನೂ ಕೈಗೂಡದ ಮೊದಲ ವಾರಗಳಲ್ಲಿ ನಗದೇ ಗತಿ. ಕೆಲವು ನೂರು ಡಾಲರಿನೊಳಗಿನ ವ್ಯವಹಾರಕ್ಕೆ ಇಂದಿಗೂ ನಾನು ಮೊದಲು ಹೇಳುವುದು ನಗದನ್ನೇ. ಸಾಮಾನು ಈ ಕೈಗೆ, ಹಣ ಆ ಕೈಗೆ; ನಾಳೆ ಯಾರೂ ಯಾರನ್ನೂ ಹುಡುಕಬೇಕಾಗಿಲ್ಲ. ಊರಿನಿಂದ ತಂದ 100 ಡಾಲರ್ ನೋಟುಗಳನ್ನು ಬ್ಯಾಂಕಿನಲ್ಲಿ 20ರ ನೋಟುಗಳಿಗೆ ಬದಲಿಸಿಕೊಂಡು ಇಟ್ಟುಕೊಳ್ಳಿ, ಚಿಲ್ಲರೆಯ ತಾಪತ್ರಯ ಇರುವುದಿಲ್ಲ. ಹೇಳಿದ ಬೆಲೆಯಷ್ಟನ್ನು ಮಾತ್ರ ಒಯ್ಯಿರಿ.

ನಗದನ್ನು ಪಡೆಯುವಾಗ 100ರ ನೋಟನ್ನು ಬೆಳಕಿಗೆ ಹಿಡಿದು ನೋಡಿ. 2013ರಿಂದ ಚಲಾವಣೆಯಲ್ಲಿರುವ ನೋಟಿನಲ್ಲಿ ನೀಲಿ ಪಟ್ಟಿಯೊಂದನ್ನು ಕಾಗದದಲ್ಲಿಯೇ ನೇಯ್ದಿರುತ್ತಾರೆ. ನೋಟನ್ನು ಅಲುಗಾಡಿಸಿದರೆ ಅದರೊಳಗಿನ ಗಂಟೆಗಳು 100 ಎಂಬ ಅಂಕಿಯಾಗಿ ಮಾರ್ಪಡುತ್ತವೆ. ಬಲಗಡೆಯ ನೀರುಗುರುತಿನಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಅವರ ಮುಖ ಕಾಣಬೇಕು. ಐದು ಡಾಲರಿನ ಹಳೆಯ ನೋಟನ್ನು ತೊಳೆದು ಅದರ ಮೇಲೆಯೇ ನೂರು ಎಂದು ಅಚ್ಚು ಹಾಕುವವರೂ ಇದ್ದಾರೆ. ಕಾಗದ ಅಸಲಿಯೇ ಆದ್ದರಿಂದ ಅಂಗಡಿಗಳಲ್ಲಿ ಗೀರು ಎಳೆದು ನೋಡುವ ಪೆನ್ನಿಗೆ ಅದು ಸಿಕ್ಕಿಬೀಳುವುದಿಲ್ಲ, ಆದರೆ ಒಳಗಿನ ಮುಖ ಲಿಂಕನ್ ಅವರದಾಗಿರುತ್ತದೆ. ನೀಲಿ ಪಟ್ಟಿ ಇಲ್ಲದ ಹಳೆಯ 100ರ ನೋಟುಗಳೂ ಊರ್ಜಿತವೇ; ಅನುಮಾನ ಬಂದರೆ 20ರ ನೋಟುಗಳನ್ನು ಕೇಳಿ.

ಭೇಟಿಯ ಜಾಗದ ಬಗ್ಗೆ ಒಂದೆರಡು ಮಾತು. ಬೇ ಏರಿಯಾದ ಹಲವು ನಗರಗಳ ಪೊಲೀಸ್ ಠಾಣೆಗಳು ಇಂಥ ಕೊಡುಕೊಳ್ಳುವಿಕೆಗೆಂದೇ ಕ್ಯಾಮೆರಾ ಇರುವ ಜಾಗವನ್ನು ಗುರುತು ಮಾಡಿವೆ. ನಿಮ್ಮ ಊರಿನ ಠಾಣೆಯಲ್ಲಿ ಇದೆಯೇ ಎಂದು ಕೇಳಿ. ಹಾಸಿಗೆ, ಸೋಫಾದಂಥ ದೊಡ್ಡ ಸಾಮಾನಿಗೆ ಮನೆಗೇ ಹೋಗಬೇಕಾಗುತ್ತದೆ. ಹಗಲಿನಲ್ಲಿ, ಇಬ್ಬರು ಜೊತೆಯಾಗಿ ಹೋಗಿ.

ಕಾರು

ಇಲ್ಲಿ ಮೊತ್ತ ದೊಡ್ಡದು, ತಪ್ಪಿನ ಬೆಲೆಯೂ ದೊಡ್ಡದು. 8,000 ಡಾಲರನ್ನು ಜೇಬಿನಲ್ಲಿಟ್ಟುಕೊಂಡು ಯಾವುದೋ ಪಾರ್ಕಿಂಗ್ ಜಾಗಕ್ಕೆ ಹೋಗಬೇಡಿ. ಕೊಳ್ಳುವವರ ಬ್ಯಾಂಕಿನ ಶಾಖೆಯಲ್ಲಿ, ಕೆಲಸದ ಸಮಯದಲ್ಲಿ ಇಬ್ಬರೂ ಭೇಟಿಯಾಗಿ, ಕೌಂಟರಿನಲ್ಲಿ ಇಬ್ಬರ ಕಣ್ಣೆದುರಿಗೇ ಕ್ಯಾಷಿಯರ್ ಚೆಕ್ ಮಾಡಿಸಿ. ಬ್ಯಾಂಕಿನ ಸಿಬ್ಬಂದಿಯ ಕೈಯಿಂದ ನೇರವಾಗಿ ಬಂದ ಚೆಕ್ಕು ನಕಲಿಯಾಗುವ ಭಯವಿಲ್ಲ. ಮೇಲೆ ನಾನು ಚೆಕ್ ಬೇಡ ಎಂದದ್ದಕ್ಕೆ ಇದೊಂದೇ ವಿನಾಯಿತಿ.

ಹಣ ಕೊಡುವ ಮೊದಲು ಪಿಂಕ್ ಸ್ಲಿಪ್ ಎಂದು ಕರೆಯುವ ಮಾಲೀಕತ್ವದ ಪತ್ರವನ್ನು ನೋಡಿ. ಅದರಲ್ಲಿರುವ ಹೆಸರು, ಎದುರಿಗೆ ನಿಂತವರ ಗುರುತಿನ ಚೀಟಿಯ ಹೆಸರು ಒಂದೇ ಇರಬೇಕು. ಪತ್ರದಲ್ಲಿರುವ ವಾಹನದ ಗುರುತಿನ ಸಂಖ್ಯೆ (ವಿಐಎನ್, ನಂಬರ್ ಪ್ಲೇಟಿನದಲ್ಲ) ಕಾರಿನ ಮುಂಗಾಜಿನ ಕೆಳಗಿರುವ ಸಂಖ್ಯೆಗೆ ಹೊಂದಬೇಕು. ಸಾಲ ಕೊಟ್ಟ ಬ್ಯಾಂಕಿನ ಹೆಸರು ಪತ್ರದಲ್ಲಿ ಇದ್ದರೆ, ಆ ಸಾಲ ತೀರಿದೆ ಎಂಬ ಬಿಡುಗಡೆ ಇಲ್ಲದೆ ಹಣ ಕೊಡಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಮಾರಿದವರು 5 ದಿನಗಳೊಳಗೆ ವಾಹನ ನೋಂದಣಿ ನೋಡಿಕೊಳ್ಳುವ ಇಲಾಖೆಯಾದ ಡಿಎಂವಿಗೆ ತಿಳಿಸಬೇಕು, ಕೊಂಡವರು 10 ದಿನಗಳೊಳಗೆ ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು. ಮಾರಿದವರು ತಿಳಿಸದೇ ಬಿಟ್ಟರೆ ಮುಂದಿನ ಪಾರ್ಕಿಂಗ್ ದಂಡ, ಟೋಲ್ ಎಲ್ಲವೂ ಅವರ ಮನೆ ಬಾಗಿಲಿಗೇ ಬರುತ್ತವೆ. ತೆರಿಗೆ ಉಳಿಸಲು ಕಡಿಮೆ ಬೆಲೆ ಬರೆಯೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ವೀಸಾದ ಮೇಲೆ ಇರುವ ನಾವು ಸರ್ಕಾರಿ ಕಾಗದದಲ್ಲಿ ಸುಳ್ಳು ಬರೆಯುವುದು ಕೆಲವು ನೂರು ಡಾಲರಿಗೆ ತಕ್ಕ ಅಪಾಯವಲ್ಲ. ನಮ್ಮ ಮನೆಯ ಹಳೆಯ ಸಾಮಾನನ್ನು ಮಾರುವುದು ಬೇರೆ, ಲಾಭಕ್ಕಾಗಿ ಕೊಂಡು ಮಾರುವ ವ್ಯಾಪಾರ ಬೇರೆ ಎಂಬುದೂ ನೆನಪಿರಲಿ. ಎರಡನೆಯದಕ್ಕೆ ಕೈ ಹಾಕುವ ಮೊದಲು ವಲಸೆ ವಕೀಲರನ್ನು ಕೇಳಿ.

ನಮ್ಮವರೇ ಎಂಬ ನಂಬಿಕೆ

ಇದನ್ನು ಬರೆಯಲು ನನಗೆ ಇಷ್ಟವಿಲ್ಲ, ಆದರೂ ಬರೆಯಲೇಬೇಕು. ದೂರದ ಊರಿನಲ್ಲಿ ಒಬ್ಬರು ‘ನಮಸ್ಕಾರ, ನಾವು ಶಿವಮೊಗ್ಗದವರು’ ಎಂದರೆ ಮನಸ್ಸು ಕರಗುತ್ತದೆ. ಆ ಪ್ರೀತಿಯಿಂದಲೇ ಈ ಸಂಘ ಕಟ್ಟಿದ್ದೇವೆ. ಆದರೆ ವಾಟ್ಸಾಪ್ ಗುಂಪಿನ ಕೊಂಡಿ ಯಾರ ಕೈಗೆ ಬೇಕಾದರೂ ಸೇರಬಹುದು, ಸದಸ್ಯರ ಖಾತೆಯನ್ನೇ ಕದ್ದು ಅವರ ಹೆಸರಿನಲ್ಲಿ ಸಂದೇಶ ಹಾಕುವುದೂ ಉಂಟು. ಕನ್ನಡದಲ್ಲಿ ಬಂದ ಸಂದೇಶವಾದರೂ ಒಮ್ಮೆ ಕರೆ ಮಾಡಿ ಮಾತನಾಡಿ, ಸಾಮಾನನ್ನು ಕಣ್ಣಾರೆ ನೋಡಿ, ಆಮೇಲೆ ಹಣ ಕೊಡಿ. ನಿಜವಾದ ಕನ್ನಡಿಗರು ಇದಕ್ಕೆ ಬೇಸರಿಸುವುದಿಲ್ಲ, ಕಾಫಿ ಕುಡಿಸಿ ಕಳುಹಿಸುತ್ತಾರೆ.

ಹಣ ಹೋದರೆ

ಊರಿನಲ್ಲಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವ ಹಾಗೆ ಇಲ್ಲಿ ಮೊದಲು ನಿಮ್ಮ ಬ್ಯಾಂಕಿಗೆ ಕರೆ ಮಾಡಿ. ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕದೆ ಕಾರ್ಡಿನ ಹಿಂಬದಿಯಿಂದ ತೆಗೆದುಕೊಳ್ಳಿ. ಹುಡುಕಾಟದಲ್ಲಿ ನಕಲಿ ಸಹಾಯವಾಣಿಗಳೂ ಸಿಗುತ್ತವೆ. ಸಂದೇಶಗಳನ್ನು, ಜಾಹೀರಾತಿನ ಚಿತ್ರವನ್ನು, ಪಾವತಿಯ ವಿವರವನ್ನು ಅಳಿಸುವ ಮುನ್ನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆಮೇಲೆ ನಿಮ್ಮ ನಗರದ ಪೊಲೀಸರಿಗೆ ದೂರು ಕೊಡಿ. ಜೀವಭಯವಿದ್ದರೆ ಮಾತ್ರ 911, ಇಲ್ಲದಿದ್ದರೆ ಅವರ ತುರ್ತಲ್ಲದ ಸಂಖ್ಯೆ. ಫೆಡರಲ್ ಟ್ರೇಡ್ ಕಮಿಷನ್‌ನ ವಂಚನೆ ದೂರು ಜಾಲತಾಣದಲ್ಲಿ, ಎಫ್‌ಬಿಐನ ಅಂತರ್ಜಾಲ ಅಪರಾಧ ದೂರು ಕೇಂದ್ರದಲ್ಲಿ ಕೂಡ ದಾಖಲಿಸಿ. ಮೋಸ ಹೋದದ್ದು ನಿಮ್ಮ ಅಪರಾಧವಲ್ಲ. ನಾಚಿಕೆಯಿಂದ ಹತ್ತು ದಿನ ಸುಮ್ಮನಿದ್ದು ಆಮೇಲೆ ಬಂದವರಿಗಾಗಿ ನಾವು ಮಾಡಬಹುದಾದದ್ದು ತೀರಾ ಕಡಿಮೆ.

ಸಾಮಾನು ನೋಡಲು ಒಬ್ಬರೇ ಹೋಗಲು ಹಿಂಜರಿಕೆ ಇದ್ದರೆ ಸಂಘದ ಗುಂಪಿನಲ್ಲಿ ‘ಜೊತೆ ಬೇಕು’ ಎಂದು ಬರೆದು ಊರು, ದಿನ, ಸಮಯ ತಿಳಿಸಿ. ವ್ಯಾನ್ ಇರುವವರೂ, ಸ್ಕ್ರೂಡ್ರೈವರ್ ತರುವವರೂ ನಮ್ಮಲ್ಲಿ ಇದ್ದಾರೆ.